ಪರ್ವತ ಸ್ನೋಮೊಬೈಲ್‌ನ ಟ್ರ್ಯಾಕ್ ಮತ್ತು ಡ್ರೈವ್ ದೋಷಗಳನ್ನು ಪತ್ತೆ ಹಚ್ಚುವ ಕ್ರಮ: ಸಮಗ್ರ ಮಾರ್ಗದರ್ಶಿ

ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅಥವಾ ಹೋಗುತ್ತದೆ, ಆದರೆ ಹೊಟ್ಟೆಯ ಕೆಳಗಿನಿಂದ ಬಡಿತದ ಸದ್ದು ಬರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಹಿಂದಿನ ಆಕ್ಸಲ್‌ನಲ್ಲಿ ಟ್ರ್ಯಾಕಿನ ಬಿಗಿತ ಹೊಂದಿಸುವ ಬೋಲ್ಟಿಗೆ. ಅದು ಫಲಿಸದಿದ್ದರೆ ಹೊಸ ಡ್ರೈವ್ ಬೆಲ್ಟ್ ಹಾಕುತ್ತಾರೆ. ಎರಡರಿಂದಲೂ ದೋಷ ಸ್ವಲ್ಪ ಹೊತ್ತು ಮರೆಯಾಗಬಹುದು, ಆದರೆ ಮೂಲ ಕಾರಣ ಹಾಗೆಯೇ ಉಳಿದು, ಹೊಸ ಬೆಲ್ಟನ್ನೂ ತಿಂದುಹಾಕುತ್ತದೆ. ಆದ್ದರಿಂದ ಈ ಬರಹದ ಒತ್ತು ಒಂದೇ ವಿಷಯದ ಮೇಲಿದೆ: ಯಾವ ಬೋಲ್ಟನ್ನೂ ತಿರುಗಿಸುವ ಮೊದಲು, ದೋಷ ಬೆಲ್ಟಿನ ಈಚೆಗಿದೆಯೋ ಆಚೆಗಿದೆಯೋ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು.

ಶಕ್ತಿ ಸಾಗುವ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಎಂಜಿನ್‌ನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಪ್ರೈಮರಿ ಕ್ಲಚ್ ಇರುತ್ತದೆ; ಅಲ್ಲಿಂದ ರಬ್ಬರ್ ಡ್ರೈವ್ ಬೆಲ್ಟ್ ಮೂಲಕ ಸೆಕೆಂಡರಿ ಕ್ಲಚ್; ಸೆಕೆಂಡರಿ ಕುಳಿತಿರುವುದು ಜಾಕ್ ಶಾಫ್ಟಿನ ಮೇಲೆ; ಜಾಕ್ ಶಾಫ್ಟಿನಿಂದ ಚೈನ್ ಕೇಸ್, ಕೆಲವು ಮಾದರಿಗಳಲ್ಲಿ ಹಲ್ಲಿನ ಬೆಲ್ಟ್; ಅಲ್ಲಿಂದ ಕೆಳಗಿನ ಡ್ರೈವ್ ಶಾಫ್ಟ್; ಅದರ ಮೇಲಿನ ಡ್ರೈವರ್ ಹಲ್ಲುಚಕ್ರಗಳು ಟ್ರ್ಯಾಕನ್ನು, ಅಂದರೆ ಗಾಡಿಯನ್ನು ಹಿಮದ ಮೇಲೆ ತಳ್ಳುವ ಅಗಲವಾದ ರಬ್ಬರ್ ಪಟ್ಟಿಯನ್ನು, ಎಳೆಯುತ್ತವೆ. ಟ್ರ್ಯಾಕ್ ಸ್ಕಿಡ್‌ನ (ಟ್ರ್ಯಾಕಿನ ಒಳಗಿರುವ ಹಿಂದಿನ ಸಸ್ಪೆನ್ಷನ್ ಚೌಕಟ್ಟಿನ) ಎರಡು ರೈಲ್‌ಗಳ ಮೇಲೆ, ಹೈಫ್ಯಾಕ್ಸ್ ಎಂಬ ಪ್ಲಾಸ್ಟಿಕ್ ಜಾರುಪಟ್ಟಿಗಳನ್ನು ಉಜ್ಜುತ್ತಾ ಸಾಗಿ, ಹಿಂದಿನ ಐಡ್ಲರ್ ಚಕ್ರಗಳನ್ನು ಸುತ್ತಿ ಮರಳುತ್ತದೆ.

## ಬೇಕಾಗುವ ಉಪಕರಣಗಳು

ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿಯುವ ಗಟ್ಟಿಯಾದ ಸ್ಟ್ಯಾಂಡ್ ಮೊದಲ ಅಗತ್ಯ. ಹಿಂದಕ್ಕೆ ಸಿಡಿಯುವ ವಸ್ತುಗಳನ್ನು ತಡೆಯುವ ಫಲಕವಿದ್ದರೆ ಇನ್ನೂ ಒಳ್ಳೆಯದು. ಸಾಕೆಟ್ ಮತ್ತು ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್, ಸೆಕೆಂಡರಿ ಕ್ಲಚ್ಚನ್ನು ಬಿಚ್ಚಿಡುವ ಉಪಕರಣ, ಸ್ಟೀಲ್ ಅಳತೆಪಟ್ಟಿ, ಎಳೆದು ತೂಗುವ ಸ್ಪ್ರಿಂಗ್ ತಕ್ಕಡಿ, ಬಳಪ, ತಲೆಗೆ ಕಟ್ಟುವ ಟಾರ್ಚ್, ನೂಲು ಬಿಡದ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್ ಇರಲಿ. ನಿಮ್ಮ ಮಾದರಿಯ ತಯಾರಕರ ಕೈಪಿಡಿಯೂ ಉಪಕರಣವೇ. ಬಿಗಿತದ ಅಳತೆ, ಟಾರ್ಕ್, ಎಣ್ಣೆಯ ಪ್ರಮಾಣಗಳನ್ನು ಅದರಿಂದಲೇ ತೆಗೆದುಕೊಳ್ಳಬೇಕು. ಬೆಟ್ಟಕ್ಕೆ ಹೋಗುವಾಗ ಒಂದು ಹೆಚ್ಚುವರಿ ಬೆಲ್ಟ್, ಅದನ್ನು ಹಾಕಲು ಬೇಕಾದ ಉಪಕರಣ ಎರಡೂ ಗಾಡಿಯಲ್ಲೇ ಇರಬೇಕು. ಬೆಲ್ಟ್ ಇದ್ದು ಉಪಕರಣ ಮನೆಯಲ್ಲಿ ಉಳಿದರೆ ಏನೂ ಪ್ರಯೋಜನವಿಲ್ಲ.

## ಹಂತ 1: ಜಾಗ ಮತ್ತು ಸುರಕ್ಷತೆ

ಇಳಿಜಾರಿನ ಕೆಳಗೆ, ಹಿಮಕುಸಿತ ಬಂದು ನಿಲ್ಲಬಹುದಾದ ಬಯಲಿನಲ್ಲಿ ದುರಸ್ತಿಗೆ ಕೂರಬಾರದು. ಗಾಡಿ ಅಲ್ಪಸ್ವಲ್ಪ ಚಲಿಸುವಂತಿದ್ದರೂ ಮೊದಲು ಸುರಕ್ಷಿತ ಜಾಗಕ್ಕೆ ತರಬೇಕು. ಚಲಿಸದಿದ್ದರೆ ಗಾಡಿಯನ್ನು ಅಲ್ಲಿಯೇ ಬಿಟ್ಟು ಜನ ಹೊರಬರುವುದು ಸರಿಯಾದ ನಿರ್ಧಾರ.

ಬೆಲ್ಟ್ ಕವಚ ತೆರೆಯುವ ಮೊದಲು ಎಂಜಿನ್ ನಿಲ್ಲಿಸಿ, ಸುರಕ್ಷತಾ ಹಗ್ಗವನ್ನು (ಕಿತ್ತರೆ ಎಂಜಿನ್ ನಿಲ್ಲಿಸುವ ಹಗ್ಗ) ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಗತಾನೆ ಓಡಿದ ಬೆಲ್ಟ್ ಮತ್ತು ಕ್ಲಚ್‌ಗಳು ಕೈ ಸುಡುತ್ತವೆ. ಟ್ರ್ಯಾಕನ್ನು ಎತ್ತಿ ಎಂಜಿನ್‌ನಿಂದ ತಿರುಗಿಸಬೇಕಾದಾಗ ಗಾಡಿಯ ಹಿಂದೆ ಯಾರೂ ನಿಲ್ಲಬಾರದು: ಕಲ್ಲು, ಮಂಜುಗಡ್ಡೆ, ಟ್ರ್ಯಾಕಿನಿಂದ ಮುರಿದ ಲೋಹದ ಕ್ಲಿಪ್ಪು ಇವೆಲ್ಲ ಗುಂಡಿನಂತೆ ಹಾರಿಬರುತ್ತವೆ. ಟ್ರ್ಯಾಕ್ ನಿಧಾನವಾಗಿ ಸುತ್ತುವಷ್ಟು ಮಾತ್ರ ಥ್ರಾಟಲ್ ಕೊಡಿ. ಕಾರ್ಬನ್ ಮಾನಾಕ್ಸೈಡಿನ ಕಾರಣ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು.

## ಹಂತ 2: ಹಿಮ ಮತ್ತು ಮಂಜುಗಡ್ಡೆಯನ್ನು ಮೊದಲು ತೆಗೆಯಿರಿ

ದೋಷವೆಂದು ತೋರುವ ಎಷ್ಟೋ ತೊಂದರೆಗಳು ಬರೀ ಮಂಜುಗಡ್ಡೆ. ಒದ್ದೆ ಹಿಮದಲ್ಲಿ ಓಡಿಸಿ ರಾತ್ರಿಯಿಡೀ ನಿಲ್ಲಿಸಿದ ಗಾಡಿಯ ಟ್ರ್ಯಾಕ್ ನೆಲಕ್ಕೂ ರೈಲ್‌ಗೂ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತದೆ. ಅಂಥ ಸ್ಥಿತಿಯಲ್ಲಿ ಥ್ರಾಟಲ್ ಒತ್ತಿದರೆ ಪ್ರೈಮರಿ ತಿರುಗುತ್ತದೆ, ಸೆಕೆಂಡರಿ ತಿರುಗುವುದಿಲ್ಲ. ನಿಂತ ಬೆಲ್ಟಿನ ಒಂದೇ ಜಾಗವನ್ನು ಕ್ಲಚ್ ಅರೆಯುತ್ತದೆ. ಕೆಲವೇ ಕ್ಷಣಗಳಲ್ಲಿ ಬೆಲ್ಟ್ ಹಾಳಾಗಲು ಇಷ್ಟು ಸಾಕು.

ಹಿಂದಿನ ಬಂಪರ್ ಹಿಡಿದು ಗಾಡಿಯನ್ನು ಎತ್ತಿ ಕೆಲವು ಬಾರಿ ಕೆಳಗೆ ಬಿಡಿ, ಸ್ಕೀಗಳನ್ನು ಅತ್ತಿತ್ತ ಅಲುಗಾಡಿಸಿ, ಟನಲ್ (ಟ್ರ್ಯಾಕಿನ ಮೇಲಿರುವ ಗಾಡಿಯ ಲೋಹದ ಹೊದಿಕೆ) ಮತ್ತು ಚಕ್ರಗಳ ಸುತ್ತಲಿನ ಗಡ್ಡೆಯನ್ನು ಮರದ ತುಂಡಿನಿಂದ ತಟ್ಟಿ ಬಿಡಿಸಿ. ಕಬ್ಬಿಣದ ಸಲಾಕೆ ಬೇಡ, ಏಕೆಂದರೆ ಟನಲ್‌ನ ಒಳಗೆ ಕೂಲಂಟ್ ಹರಿಯುವ ತೆಳುವಾದ ಶಾಖ ವಿನಿಮಯಕ ಇರುತ್ತದೆ. ಟ್ರ್ಯಾಕ್ ಕೈಯಿಂದ ತಿರುಗುವವರೆಗೂ ಮುಂದಿನ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬಬೇಡಿ.

## ಹಂತ 3: ಬೆಲ್ಟ್ ತೆಗೆದು ದೋಷವನ್ನು ಎರಡು ಪಾಲು ಮಾಡಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದೇ, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಉಪಕರಣದಿಂದ ಸೆಕೆಂಡರಿಯ ತಟ್ಟೆಗಳನ್ನು ಅಗಲಿಸಿ, ಬೆಲ್ಟನ್ನು ಮೊದಲು ಸೆಕೆಂಡರಿಯ ಮೇಲಿನಿಂದ, ಆಮೇಲೆ ಪ್ರೈಮರಿಯಿಂದ ಹೊರತೆಗೆಯಿರಿ. ಯಾವ ಮುಖ ಹೊರಗಿತ್ತು ಎಂಬುದನ್ನು ಗುರುತು ಹಾಕಿಕೊಳ್ಳಿ. ಪಾರ್ಕಿಂಗ್ ಬ್ರೇಕ್ ಬಿಟ್ಟಿದೆಯೇ ನೋಡಿ. ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಟ್ರ್ಯಾಕಿನ ಒಂದು ಲಗ್ (ಹಿಮವನ್ನು ಕಚ್ಚುವ ರಬ್ಬರ್ ಉಬ್ಬು) ಮೇಲೆ ಬಳಪದ ಗುರುತು ಮಾಡಿ, ಸೆಕೆಂಡರಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ.

ಸೆಕೆಂಡರಿ ಸರಾಗವಾಗಿ ತಿರುಗಿ ಟ್ರ್ಯಾಕ್ ಅಲುಗದಿದ್ದರೆ ಚೈನ್, ಹಲ್ಲಿನ ಬೆಲ್ಟ್, ಇಲ್ಲವೇ ಶಾಫ್ಟಿನ ಸ್ಪ್ಲೈನ್ (ಹಲ್ಲುಚಕ್ರವನ್ನು ಹಿಡಿಯುವ ಗೀರುಗಳು) ಕಡಿದಿದೆ. ಗೇರಿನ ರಿವರ್ಸ್ ಇರುವ ಮಾದರಿಯಾದರೆ ಗೇರು ನಡುವಿನಲ್ಲಿ ನಿಂತಿರಬಹುದು. ಎರಡೂ ತಿರುಗಿ, ಸುತ್ತಿನುದ್ದಕ್ಕೂ ಒಂದೇ ಸಮನೆ ಭಾರವೆನಿಸಿದರೆ ಅತಿ ಬಿಗಿಯಾದ ಟ್ರ್ಯಾಕ್, ಉಜ್ಜುತ್ತಿರುವ ಬ್ರೇಕ್ ಅಥವಾ ಉಳಿದ ಮಂಜುಗಡ್ಡೆಯನ್ನು ಅನುಮಾನಿಸಿ. ಬಳಪದ ಗುರುತು ಒಂದೇ ಜಾಗಕ್ಕೆ ಬಂದಾಗಲೆಲ್ಲ ಭಾರವಾದರೆ ದೋಷ ಟ್ರ್ಯಾಕಿನಲ್ಲೇ ಇದೆ. ಸೆಕೆಂಡರಿಯ ಪ್ರತಿ ಸುತ್ತಿಗೂ ಭಾರವಾದರೆ ಜಾಕ್ ಶಾಫ್ಟಿನ ಬೇರಿಂಗನ್ನು, ಬ್ರೇಕ್ ಡಿಸ್ಕ್ ಅದೇ ಶಾಫ್ಟಿನ ಮೇಲಿದ್ದರೆ ಅದು ಬಾಗಿದೆಯೇ ಎಂಬುದನ್ನು ನೋಡಬೇಕು. ಯಾವ ಭಾರವೂ ಇಲ್ಲದೆ ಎಲ್ಲವೂ ಸರಾಗವಾಗಿ ತಿರುಗಿದರೆ ದೋಷ ಬೆಲ್ಟ್ ಅಥವಾ ಕ್ಲಚ್‌ಗಳ ಕಡೆಗಿರುವ ಸಾಧ್ಯತೆ ಹೆಚ್ಚು.

ಓಡುವಾಗ ಬರುವ ಸದ್ದಿನ ಲಯವೂ ಇದೇ ಬಗೆಯ ಸಾಕ್ಷಿ. 163 ಇಂಚಿನ ಟ್ರ್ಯಾಕ್ ಎಂದರೆ ಸುಮಾರು 4.1 ಮೀಟರ್. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಎರಡು ಸುತ್ತು ಬರುತ್ತದೆ. ಆದ್ದರಿಂದ ಟ್ರ್ಯಾಕಿನ ಒಂದು ಜಾಗದ ಹಾನಿ ಎಣಿಸಲು ಬರುವಂಥ ‘ದಡ್, ದಡ್’ ಸದ್ದಾಗಿ ಕೇಳಿಸುತ್ತದೆ. 3 ಇಂಚಿನ ಪಿಚ್ (ಒಂದು ಸಾಲಿನಿಂದ ಮುಂದಿನ ಸಾಲಿಗಿರುವ ಅಂತರ) ಇರುವ ಅದೇ ಟ್ರ್ಯಾಕನ್ನು 7 ಹಲ್ಲಿನ ಡ್ರೈವರ್ ತಿರುಗಿಸುತ್ತಿದ್ದರೆ, ಟ್ರ್ಯಾಕ್ ಒಂದು ಸುತ್ತು ಬರುವಷ್ಟರಲ್ಲಿ ಡ್ರೈವ್ ಶಾಫ್ಟ್ ಹೆಚ್ಚುಕಡಿಮೆ 8 ಸುತ್ತು ತಿರುಗಿರುತ್ತದೆ. ಅದರ ಬೇರಿಂಗ್ ಹೋದರೆ ಎಣಿಸಲಾಗದ ಗುಂಯ್ ಎಂಬ ಸದ್ದು ಬರುತ್ತದೆಯೇ ಹೊರತು ಬಡಿತವಲ್ಲ. ಎಣಿಸಲು ಬರುವ ಸದ್ದಿಗೆ ಬೇರಿಂಗ್ ಬದಲಿಸುವುದು ಹಣ ಮತ್ತು ಸಮಯ ಎರಡನ್ನೂ ಕಳೆಯುವ ತಪ್ಪು.

## ಹಂತ 4: ಕಳಚಿದ ಬೆಲ್ಟನ್ನು ಓದಿ, ಕ್ಲಚ್ ನೋಡಿ

ಹಳೆಯ ಬೆಲ್ಟನ್ನು ಎಸೆಯಬೇಡಿ. ಬೆಳಕಿಗೆ ಹಿಡಿದು, ಒಳಹೊರಗನ್ನು ಮಡಚಿ, ಬೆರಳಾಡಿಸಿ ನೋಡಿ.

ಒಂದೇ ಜಾಗದಲ್ಲಿ ಬದಿಗಳು ಸವೆದು ಸೊಂಟದಂತೆ ಕಿರಿದಾಗಿದ್ದರೆ ಬೆಲ್ಟ್ ನಿಂತಿದ್ದಾಗ ಪ್ರೈಮರಿ ತಿರುಗಿದೆ ಎಂದರ್ಥ: ಹೆಪ್ಪುಗಟ್ಟಿದ ಟ್ರ್ಯಾಕ್, ಬಿಡದ ಬ್ರೇಕ್, ಅಥವಾ ಆಳದ ಹಿಮದಲ್ಲಿ ಹೂತ ಗಾಡಿಯನ್ನು ಹಿಮ ತೋಡದೆ ಥ್ರಾಟಲ್‌ನಿಂದಲೇ ಎಬ್ಬಿಸುವ ಪ್ರಯತ್ನ. ಎರಡೂ ಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟ್ ಜಾರಿ ಬಿಸಿಯಾಗಿದೆ. ಎಣ್ಣೆ ಅಂಶ, ಬಲಗುಂದಿದ ಸ್ಪ್ರಿಂಗ್, ತಟ್ಟೆಗಳ ಮೇಲಿನ ರಬ್ಬರ್ ಲೇಪ ಕಾರಣವಿರಬಹುದು. ಒಂದು ಬದಿ ಮಾತ್ರ ಸವೆದು ಅಂಚಿನಿಂದ ದಾರ ಹೊರಬಂದಿದ್ದರೆ ಎರಡು ಕ್ಲಚ್‌ಗಳು ಒಂದೇ ಸಾಲಿನಲ್ಲಿಲ್ಲ. ಇಲ್ಲಿ ಹೊಸ ಬೆಲ್ಟ್ ಹಾಕಿದರೆ ಪ್ರಯೋಜನವಿಲ್ಲ: ಎಂಜಿನ್‌ನ ರಬ್ಬರ್ ಮೌಂಟುಗಳು ಹರಿದಿವೆಯೇ, ಎಂಜಿನ್ ತಿರುಚದಂತೆ ತಡೆಯುವ ಆಧಾರ ಸಡಿಲವಾಗಿದೆಯೇ ನೋಡಿ, ಸರಿಪಡಿಸಿ, ನಂತರ ನೇರಪಟ್ಟಿ ಹಿಡಿದು ಸಾಲು ಅಳೆಯಬೇಕು. ಒಳಗಿನ ಹಲ್ಲುಗಳು ಕಿತ್ತುಬಂದಿದ್ದರೆ ಹಠಾತ್ ಹೊರೆ ಬಿದ್ದಿದೆ. ಗಾಡಿ ಗಾಳಿಯಲ್ಲಿ ಹಾರಿ ಪೂರ್ತಿ ಥ್ರಾಟಲ್‌ನಲ್ಲಿ ನೆಲಕ್ಕೆ ಬಿದ್ದಾಗ ಹೀಗಾಗುವುದುಂಟು.

ಬೆಲ್ಟ್ ತುಂಡಾಗಿದ್ದರೆ ಹೊಸದನ್ನು ಹಾಕುವ ಮೊದಲು ಹಳೆಯದರ ಪ್ರತಿ ಚೂರನ್ನೂ ಹೆಕ್ಕಿ ತೆಗೆಯಬೇಕು. ಪ್ರೈಮರಿಯ ಹಿಂದೆ, ಕ್ರ್ಯಾಂಕ್ ಸೀಲಿನ ಸುತ್ತ ದಾರ ಸುತ್ತಿಕೊಂಡಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಸೀಲನ್ನು ಕೊರೆಯುತ್ತದೆ. ಟಾರ್ಚ್ ಬಿಟ್ಟು ನೋಡದೆ ಇದು ಕಾಣುವುದಿಲ್ಲ. ಎರಡೂ ಕ್ಲಚ್‌ಗಳ ತಟ್ಟೆಗಳನ್ನು ಆಲ್ಕೊಹಾಲಿನಿಂದ ಒರೆಸಿ, ಒಣಗಲು ಬಿಡಿ. ತಟ್ಟೆಗೆ ಎಣ್ಣೆ, ಗ್ರೀಸ್ ಯಾವುದನ್ನೂ ಸವರಬೇಡಿ.

ಹೊಸ ಬೆಲ್ಟನ್ನು ಮೊದಲು ಪ್ರೈಮರಿಗೆ, ಆಮೇಲೆ ಸೆಕೆಂಡರಿಗೆ ಏರಿಸಿ, ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಇರಲಿ. ಸೆಕೆಂಡರಿಯನ್ನು ಕೆಲವು ಸುತ್ತು ತಿರುಗಿಸಿದ ಮೇಲೆ ಬೆಲ್ಟ್ ಅದರ ಹೊರ ಅಂಚಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಕ್ಕೆ ಬಂದು ಕೂರಬೇಕು. ಸರಿಯಾದ ಅಳತೆ ಕೈಪಿಡಿಯಲ್ಲಿರುತ್ತದೆ. ತೀರಾ ಮೇಲೆದ್ದಿದ್ದರೆ ಬೆಲ್ಟ್ ಬಿಗಿಯಾಗಿ, ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗಲೇ ಗಾಡಿ ತೆವಳತೊಡಗುತ್ತದೆ. ಒಳಕ್ಕೆ ಇಳಿದಿದ್ದರೆ ಹೊರಡುವಾಗ ಎಳೆತ ಮಂದವಾಗುತ್ತದೆ. ಮೊದಲ 50 ಕಿ.ಮೀ.ಯಷ್ಟು ದೂರ ಹೊಸ ಬೆಲ್ಟನ್ನು ಹದವಾಗಿ ಓಡಿಸಬೇಕು. ನೇರವಾಗಿ ಕಡಿದಾದ ಏರಿಗೆ ಒಯ್ಯಬಾರದು.

ಪರ್ವತದಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 2,400 ಮೀಟರಿಗೆ ಹೋದಾಗ ಕಾಲು ಭಾಗದ ಹತ್ತಿರ ಶಕ್ತಿ ಹೋಗಿರುತ್ತದೆ. ತಗ್ಗಿನ ಪ್ರದೇಶಕ್ಕೆ ಹೊಂದಿಸಿದ, ಪ್ರೈಮರಿ ಕ್ಲಚ್ಚಿನ ಒಳಗಿನ ತೂಕಗಳು ಅಲ್ಲಿ ಭಾರವಾಗಿ, ಪೂರ್ತಿ ಥ್ರಾಟಲ್ ಕೊಟ್ಟರೂ ಎಂಜಿನ್ ನಿಗದಿತ ಆರ್‌ಪಿಎಂ ಮುಟ್ಟುವುದಿಲ್ಲ. ಇದನ್ನು ಟ್ರ್ಯಾಕಿನ ಎಳೆತವೆಂದು ತಪ್ಪು ತಿಳಿದು ಟ್ರ್ಯಾಕನ್ನು ಸಡಿಲಿಸುವವರಿದ್ದಾರೆ. ಬೆಲ್ಟ್ ತೆಗೆದ ಪರೀಕ್ಷೆಯಲ್ಲಿ ಟ್ರ್ಯಾಕ್ ಹಗುರವಾಗಿ ತಿರುಗಿದ್ದರೆ ನೋಡಬೇಕಾದದ್ದು ಕ್ಲಚ್ ತೂಕವನ್ನು. ಇದಕ್ಕೆ ತದ್ವಿರುದ್ಧವಾಗಿ, ಏರುತ್ತಿರುವಾಗ ಆರ್‌ಪಿಎಂ ಇದ್ದಕ್ಕಿದ್ದಂತೆ ಮೇಲೇರಿ ವೇಗ ಕುಸಿದರೆ ಬೆಲ್ಟ್ ಜಾರುತ್ತಿದೆ ಎಂದೇ ತಿಳಿಯಬೇಕು. ಕೂಡಲೇ ಥ್ರಾಟಲ್ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕವಚ ತೆರೆದು ಬೆಲ್ಟ್ ತಣಿಯಲು ಬಿಡಿ. ಪುಡಿ ಹಿಮ ಗಾಳಿಕಿಂಡಿಯಿಂದ ಒಳಬಂದು ಬೆಲ್ಟ್ ಒದ್ದೆಯಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ.

## ಹಂತ 5: ಚೈನ್ ಕೇಸ್, ಬೇರಿಂಗ್, ಬ್ರೇಕ್

ಚೈನ್ ಕೇಸಿನ ಎಣ್ಣೆಯ ಮಟ್ಟ ನೋಡಿ, ಆಯಸ್ಕಾಂತ ಇರುವ ಪ್ಲಗ್ಗನ್ನು ಬಿಚ್ಚಿ. ಅದರ ತುದಿಗೆ ಬೂದು ಬಣ್ಣದ ನುಣುಪಾದ ಲೇಪ ಅಂಟಿದ್ದರೆ ಅದು ಸಹಜ ಸವೆತ. ಎರಡು ಬೆರಳ ನಡುವೆ ಉಜ್ಜಿದಾಗ ಚೂಪಾದ ಚೂರುಗಳು ಚುಚ್ಚಿದರೆ ಚೈನ್, ಹಲ್ಲುಚಕ್ರ ಅಥವಾ ಬೇರಿಂಗ್ ಒಡೆಯುತ್ತಿದೆ, ಕೇಸನ್ನು ತೆರೆಯಲೇಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಟ್ಟ ಇಳಿದಿದ್ದರೆ ಡ್ರೈವ್ ಶಾಫ್ಟಿನ ಸೀಲಿನ ಬಳಿ, ಟನಲ್‌ನ ಒಳಬದಿಯಲ್ಲಿ ಜಿಡ್ಡಿನ ಗುರುತು ಹುಡುಕಿ. ಚೈನಿನ ಬಿಗಿತವನ್ನು ಕೈಪಿಡಿಯ ಕ್ರಮದಂತೆ ಹೊಂದಿಸಿ. ಹಲ್ಲಿನ ಬೆಲ್ಟ್ ಇರುವ ಮಾದರಿಗಳಲ್ಲಿ ಎಣ್ಣೆಯ ಗೊಡವೆಯಿಲ್ಲ, ಆದರೆ ಬಿರುಕು, ಮುರಿದ ಹಲ್ಲು, ಬೆಲ್ಟಿನ ನಡುವೆ ಸಿಕ್ಕಿದ ಕಲ್ಲಿನ ಚೂರು ಇವುಗಳನ್ನು ನೋಡಬೇಕು.

ಡ್ರೈವ್ ಶಾಫ್ಟನ್ನು ಎರಡೂ ತುದಿಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಕೈಗೆ ತಿಳಿಯುವಷ್ಟು ಆಟವಿದ್ದರೆ ಬೇರಿಂಗ್ ಹೋಗಿದೆ. ಚೈನ್ ಕೇಸಿನ ಎದುರು ಬದಿಯ ಬೇರಿಂಗ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ನೀರು ಮತ್ತು ತುಕ್ಕಿಗೆ ಮೊದಲು ಬಲಿಯಾಗುವುದು ಅದೇ. ಬ್ರೇಕ್ ಡಿಸ್ಕ್ ನೀಲಿಗಟ್ಟಿದ್ದರೆ ಪ್ಯಾಡುಗಳು ಬಿಡದೆ ಉಜ್ಜುತ್ತಿವೆ.

## ಹಂತ 6: ಟ್ರ್ಯಾಕ್, ರೈಲ್, ಚಕ್ರಗಳನ್ನು ಕಣ್ಣಿನಿಂದ ನೋಡಿ

ಟ್ರ್ಯಾಕನ್ನು ಕೈಯಿಂದ ಒಂದೊಂದು ಗೇಣು ಮುಂದಕ್ಕೆ ಸರಿಸುತ್ತಾ ಪೂರ್ತಿ ಸುತ್ತು ಪರೀಕ್ಷಿಸಿ. ಹರಿದ ಲಗ್, ಕಿಂಡಿಯ ಮೂಲೆಗಳಲ್ಲಿ ಬಿರುಕು, ಕಳಚಿದ ಕ್ಲಿಪ್ಪು, ರಬ್ಬರಿನ ಪದರಗಳು ಬಿಟ್ಟುಕೊಂಡದ್ದು ಇವೆಲ್ಲ ಕಾಣುತ್ತವೆ. ಕಾಣದೇ ಇರುವುದು ಒಳಗೆ ಅಡ್ಡವಾಗಿ ಇರುವ ಫೈಬರ್ ಕಡ್ಡಿ: ಪ್ರತಿ ಸಾಲನ್ನೂ ಎರಡು ಕೈಯಿಂದ ಬಾಗಿಸಿ ನೋಡಿ, ಕಡ್ಡಿ ಮುರಿದ ಕಡೆ ಟ್ರ್ಯಾಕ್ ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ಹತ್ತಿರ ಹತ್ತಿರ ಹಲವು ಕಡ್ಡಿಗಳು ಮುರಿದಿದ್ದರೆ ಹೊಂದಾಣಿಕೆಯಿಂದ ಅದು ಸರಿಹೋಗುವುದಿಲ್ಲ, ಟ್ರ್ಯಾಕ್ ಬದಲಿಸಬೇಕು.

ಹೈಫ್ಯಾಕ್ಸ್ ಪಟ್ಟಿಯಲ್ಲಿ ಸವೆತದ ಗಡಿಗೆರೆ ಇರುತ್ತದೆ. ಅದನ್ನು ಮುಟ್ಟಿದ್ದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಹಿಮವೇ ಇದಕ್ಕೆ ಜಾರುವ ದ್ರವವಾದ್ದರಿಂದ ಗಟ್ಟಿ ಮಂಜಿನ ದಾರಿಯಲ್ಲಿ ಕರಗಿ ಕ್ಲಿಪ್ಪುಗಳಿಗೆ ಅಂಟಿಕೊಳ್ಳುತ್ತದೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಮತ್ತು ಏರುವ ಕೂಲಂಟ್ ಉಷ್ಣತೆ ಒಟ್ಟಿಗೆ ಬಂದರೆ ಹಿಮ ಸಾಕಾಗುತ್ತಿಲ್ಲವೆಂದೇ ಅರ್ಥ. ಅಂಥ ದಾರಿಯಲ್ಲಿ ಹಿಮ ಕೆರೆಯುವ ಸ್ಕ್ರ್ಯಾಚರ್ ಇಳಿಸಬೇಕು, ಆಗಾಗ ಬದಿಯ ಮೆತ್ತನೆಯ ಹಿಮಕ್ಕೆ ಇಳಿದು ಓಡಿಸಬೇಕು. ಐಡ್ಲರ್ ಚಕ್ರಗಳನ್ನು ಒಂದೊಂದಾಗಿ ತಿರುಗಿಸಿ, ಗರಗರ ಎನ್ನುವುದನ್ನು ಬದಲಿಸಿ. ಸ್ಕಿಡ್ಡನ್ನು ಟನಲ್‌ಗೆ ಹಿಡಿದಿರುವ ಬೋಲ್ಟುಗಳು ಸಡಿಲವಾಗಿಲ್ಲ, ರೈಲ್ ಬಾಗಿಲ್ಲ ಎಂಬುದು ಖಚಿತವಾದ ಮೇಲೆ ಮಾತ್ರ ಮುಂದಿನ ಹಂತಕ್ಕೆ ಹೋಗಿ. ಬಾಗಿದ ರೈಲ್ ಮೇಲೆ ಟ್ರ್ಯಾಕನ್ನು ನೇರ ಮಾಡಲು ಹೊರಟರೆ ಇಡೀ ದಿನ ಹೋದರೂ ಅದು ಸಾಧ್ಯವಾಗುವುದಿಲ್ಲ.

## ಹಂತ 7: ಬಿಗಿತ, ಆಮೇಲೆ ನೇರ

ಬಿಗಿತವನ್ನು ಗಾಡಿಯ ಹಿಂಭಾಗ ಎತ್ತಿ, ಸಸ್ಪೆನ್ಷನ್ ಪೂರ್ತಿ ಇಳಿಬಿದ್ದಾಗ ಅಳೆಯಬೇಕು. ಟ್ರ್ಯಾಕಿನ ಕೆಳಭಾಗಕ್ಕೆ ನಿಗದಿತ ಜಾಗದಲ್ಲಿ ನಿಗದಿತ ತೂಕ ಕೊಟ್ಟು, ಹೈಫ್ಯಾಕ್ಸ್ ಮತ್ತು ಟ್ರ್ಯಾಕ್ ಕ್ಲಿಪ್ಪಿನ ನಡುವಿನ ಅಂತರವನ್ನು ನೋಡುವುದು ಕ್ರಮ. ಕೆಲವು ತಯಾರಕರು ಇದಕ್ಕೆ ಸುಮಾರು 4.5 ಕೆ.ಜಿ., ಕೆಲವರು 7.3 ಕೆ.ಜಿ. ಎಳೆತ ಹೇಳುತ್ತಾರೆ, ಬರಬೇಕಾದ ಅಂತರವೂ ಬೇರೆ ಬೇರೆ. ಆದ್ದರಿಂದ ಗೆಳೆಯರ ಗಾಡಿಯ ಅಳತೆಯನ್ನು ನಿಮ್ಮದಕ್ಕೆ ತರಬೇಡಿ. ಟ್ರ್ಯಾಕ್ ತಿರುಗಿಸಿ ಮೂರು ನಾಲ್ಕು ಜಾಗಗಳಲ್ಲಿ ಅಳೆಯಿರಿ.

ಸಡಿಲವಾದ ಟ್ರ್ಯಾಕ್ ಜೋರು ಥ್ರಾಟಲ್ ಅಥವಾ ಬ್ರೇಕ್ ಹಾಕಿದಾಗ ಡ್ರೈವರ್ ಹಲ್ಲುಗಳ ಮೇಲೆ ಜಿಗಿಯುತ್ತದೆ. ಟಕಟಕ ಎಂಬ ಆ ಸದ್ದು ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ. ಅಳತೆ ಸರಿಯಿದ್ದೂ ಜಿಗಿತ ಬಂದರೆ ಡ್ರೈವರ್ ಹಲ್ಲು ಅಥವಾ ಟ್ರ್ಯಾಕಿನ ಒಳಗಿನ ಎಳೆಯುವ ಲಗ್ಗುಗಳು ಸವೆದಿವೆ. ಅದನ್ನು ಅತಿಯಾಗಿ ಬಿಗಿಮಾಡಿ ಮುಚ್ಚಿಹಾಕಬಾರದು. ಅತಿಬಿಗಿತ ಶಕ್ತಿಯನ್ನು ನುಂಗುತ್ತದೆ, ಹೈಫ್ಯಾಕ್ಸ್ ಮತ್ತು ಬೇರಿಂಗುಗಳನ್ನು ಬೇಗ ಸವೆಸುತ್ತದೆ.

ಹಿಂದಿನ ಆಕ್ಸಲ್ ಬೋಲ್ಟನ್ನು ಸಡಿಲಿಸಿ, ಎರಡೂ ಬದಿಯ ಹೊಂದಾಣಿಕೆ ಬೋಲ್ಟುಗಳನ್ನು ಸಮನಾಗಿ ತಿರುಗಿಸಿ ಬಿಗಿತ ತನ್ನಿ. ನಂತರ, ಬೆಲ್ಟ್ ಮತ್ತು ಕವಚ ಹಾಕಿ, ಟ್ರ್ಯಾಕನ್ನು ಎತ್ತಿ ಎಂಜಿನ್‌ನಿಂದ ಕೆಲವು ಸುತ್ತು ನಿಧಾನವಾಗಿ ಓಡಿಸಿ, ತಾನಾಗಿ ನಿಲ್ಲಲು ಬಿಡಿ. ಬ್ರೇಕ್ ಹಾಕಿದರೆ ಟ್ರ್ಯಾಕ್ ಸರಿದು ತಪ್ಪು ಅಳತೆ ಬರುತ್ತದೆ. ಎಂಜಿನ್ ನಿಲ್ಲಿಸಿ, ಕ್ಲಿಪ್ಪುಗಳಿಗೂ ರೈಲ್‌ಗೂ ನಡುವಿನ ಸಂದು ಎರಡೂ ಬದಿಯಲ್ಲಿ ಸಮನಾಗಿದೆಯೇ ನೋಡಿ. ಟ್ರ್ಯಾಕ್ ಎಡಕ್ಕೆ ಸರಿದಿದ್ದರೆ ಎಡ ಬೋಲ್ಟನ್ನು ಬಿಗಿಮಾಡಬೇಕು, ಬಲಕ್ಕೆ ಸರಿದಿದ್ದರೆ ಬಲದ್ದನ್ನು. ಟ್ರ್ಯಾಕ್ ಯಾವಾಗಲೂ ಸಡಿಲವಿರುವ ಬದಿಗೆ ಸರಿಯುತ್ತದೆ. ಇದನ್ನು ತಿರುಗುಮುರುಗು ಮಾಡುವವರೇ ಹೆಚ್ಚು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಪ್ರತಿ ಸಲವೂ ಮತ್ತೆ ಓಡಿಸಿ ನೋಡಿ. ನೇರವಾದ ಮೇಲೆ ಬಿಗಿತವನ್ನು ಮತ್ತೆ ಅಳೆದು, ಲಾಕ್ ನಟ್‌ಗಳನ್ನೂ ಆಕ್ಸಲ್ ಬೋಲ್ಟನ್ನೂ ಹೇಳಿದ ಟಾರ್ಕಿಗೆ ಬಿಗಿಮಾಡಿ. ಈ ಕೊನೆಯ ಬಿಗಿತವನ್ನು ಮರೆತರೆ ಮೊದಲ ಏರಿನಲ್ಲೇ ಎಲ್ಲ ಹೊಂದಾಣಿಕೆ ಹಾಳಾಗುತ್ತದೆ.

## ಹಂತ 8: ಪರೀಕ್ಷಾ ಓಟ

ಸಮತಟ್ಟಾದ ಹಿಮದಲ್ಲಿ, ವಾಹನ ನಿಲ್ಲಿಸುವ ಜಾಗಕ್ಕೆ ನಡೆದು ಬರಬಹುದಾದಷ್ಟು ದೂರದಲ್ಲಿ ಓಡಿಸಿ. ಮೊದಲು ನಿಧಾನ, ಆಮೇಲೆ ಮಧ್ಯಮ ವೇಗ, ಕೊನೆಯಲ್ಲಿ ಒಂದೆರಡು ಜೋರು ಎಳೆತ. ನಿಲ್ಲಿಸಿದ ಕೂಡಲೇ ಬೆಲ್ಟ್ ಕವಚ, ಚೈನ್ ಕೇಸ್, ಬ್ರೇಕ್, ಪ್ರತಿ ಚಕ್ರದ ನಡುಭಾಗದ ಹತ್ತಿರ ಕೈ ಹಿಡಿದು ಶಾಖ ಹೋಲಿಸಿ; ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಾದ ಒಂದೇ ಚಕ್ರ ಅಥವಾ ಒಂದೇ ಬೇರಿಂಗ್ ಸಿಕ್ಕರೆ ಅದನ್ನು ಮತ್ತೆ ಬಿಚ್ಚಬೇಕು. ಸುಟ್ಟ ರಬ್ಬರ್ ವಾಸನೆ, ಹೊಸ ಗುಂಯ್ ಸದ್ದು, ಟನಲ್ ಮೇಲೆ ಲಗ್ ತಾಗಿದ ಹೊಸ ಗೀರು ಇವುಗಳಲ್ಲಿ ಒಂದಿದ್ದರೂ ಅಂದು ಬೆಟ್ಟ ಹತ್ತಬೇಡಿ.

ಹೊಸ ಟ್ರ್ಯಾಕ್ ಅಥವಾ ಹೊಸ ಹೈಫ್ಯಾಕ್ಸ್ ಹಾಕಿದ್ದರೆ ಮೊದಲ ಕೆಲವು ಓಟಗಳಲ್ಲೇ ಬಿಗಿತ ಬದಲಾಗುತ್ತದೆ. ಟ್ರ್ಯಾಕ್ ಹಿಗ್ಗುತ್ತದೆ, ಪಟ್ಟಿ ತನ್ನ ಜಾಗಕ್ಕೆ ಕೂರುತ್ತದೆ. ಆದ್ದರಿಂದ ಮೊದಲ ಓಟದ ನಂತರ ಹಂತ 7ರ ಅಳತೆಗಳನ್ನು ಮತ್ತೊಮ್ಮೆ ತೆಗೆದು, ದಿನಾಂಕ ಮತ್ತು ಓಡಿದ ದೂರದ ಜೊತೆಗೆ ಕೈಪಿಡಿಯ ಹಾಳೆಯಲ್ಲೇ ಬರೆದಿಡಿ. ಮುಂದಿನ ಬಾರಿ ಅಂತರ ಎಷ್ಟು ಬೇಗ ಹೆಚ್ಚಿತು ಎಂಬುದನ್ನು ನೋಡಿದರೆ, ಟ್ರ್ಯಾಕ್ ಸಹಜವಾಗಿ ಹಿಗ್ಗುತ್ತಿದೆಯೋ ಅಥವಾ ಆಕ್ಸಲ್ ಬೋಲ್ಟ್ ಜಾರುತ್ತಿದೆಯೋ ಎಂಬುದು ಆ ಅಂಕಿಗಳಿಂದಲೇ ತಿಳಿಯುತ್ತದೆ.